ಗುಜರಿಗೆ ಹೋಗಬೇಕಿದ್ದ ಜೀಪು, ಮೂರು ಕಾಲಂ ಲೆಕ್ಕ

ಇವತ್ತಿನ ಮಾತು ಒಂದು ಜೀಪಿನ ಬಗ್ಗೆ. 1994ರ ಮಹೀಂದ್ರಾ ಎಂಎಂ 540, ಫೋರ್ ವೀಲ್ ಡ್ರೈವ್, ಕೆಎ 34 ನಂಬರು. ಇರೋದು ನಮ್ಮ ಸಿರುಗುಪ್ಪ ತಾಲ್ಲೂಕಿನ ದೇಶನೂರಲ್ಲಿ, ಸೋದರಮಾವನ ಮನೆ ಹಿಂದೆ. ತಾತ ತಗೊಂಡಿದ್ದು. ತಾತ ಹೋದ ಮೇಲೆ ಆರೇಳು ವರ್ಷ ಹುಲ್ಲಿನ ಬಣವೆ ಪಕ್ಕ ನಿಂತಿತ್ತು. ಕೋಳಿ ಅದರೊಳಗೆ ಮೊಟ್ಟೆ ಇಡ್ತಿದ್ವು.

ಈ ಜೀಪಿನ ಫೋಟೊ ಹಾಕಿದಾಗಿಂದ ಇನ್‌ಬಾಕ್ಸಲ್ಲಿ ಒಂದೇ ಪ್ರಶ್ನೆ: ‘ಅಣ್ಣಾ, ಮಾಡಿಫಿಕೇಶನ್ ಲಿಸ್ಟ್ ಕೊಡಿ.’ ಲಿಸ್ಟ್ ಕೊಡ್ತೀನಿ, ರೂಪಾಯಿ ಸಮೇತ ಕೊಡ್ತೀನಿ. ಆದ್ರೆ ನೀವು ಅಂದ್ಕೊಂಡ ಲಿಸ್ಟ್ ಅದಲ್ಲ. ನಾನು ಮೆಕ್ಯಾನಿಕ್ ಅಲ್ಲ, ಬಿ.ಕಾಂ. ಓದಿದೋನು. ಈ ಪ್ರಾಜೆಕ್ಟಲ್ಲಿ ಸ್ಪ್ಯಾನರ್ ಹಿಡಿದಿದ್ದು ಮಾವನ ಮಗ, ನಾನು ಹಿಡಿದಿದ್ದು ನೋಟ್‌ಬುಕ್ಕು. ಹಂಗಾಗಿ ಇದು ಲೆಕ್ಕದವನು ಹೇಳೋ ಜೀಪಿನ ಕಥೆ.

ಮೊದಲು ಗಾಡಿ ಯಾವುದು ಅಂತ ಗೊತ್ತಿಲ್ದೋರಿಗೆ ಎರಡು ಮಾತು. ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಮಹೀಂದ್ರಾ ಕಂಪನಿ ಅಮೆರಿಕದ ವಿಲ್ಲಿಸ್ ಜೀಪನ್ನ ಬಿಡಿಬಿಡಿಯಾಗಿ ತರಿಸಿ ಬಾಂಬೆಯಲ್ಲಿ ಜೋಡಿಸೋಕೆ ಶುರು ಮಾಡ್ತು. ಆ ವಂಶದಲ್ಲಿ ಎಂಬತ್ತರ ದಶಕದಲ್ಲಿ ಬಂದ ಮಗ ಈ 540. ನೀವು ಈಗ ನೋಡೋ ಥಾರ್ ಬಂದಿದ್ದು 2010ರಲ್ಲಿ, ಹೊಸ ರೂಪದ ಥಾರ್ 2020ರಲ್ಲಿ. ಅವುಗಳ ಹಿರೀಕ ಇದು ಅಂದ್ಕೊಳ್ಳಿ. ಎಂಜಿನ್ ಮಾತ್ರ ಫ್ರಾನ್ಸಿನ ಪ್ಯೂಜೋ ವಿನ್ಯಾಸದ ಡೀಸೆಲ್. 2112 ಸಿಸಿ, ಸುಮಾರು 62 ಹಾರ್ಸ್‌ಪವರ್. ಇವತ್ತಿನ ಸಣ್ಣ ಪೆಟ್ರೋಲ್ ಕಾರಿಗೂ ಇದಕ್ಕಿಂತ ಜಾಸ್ತಿ ಪವರ್ ಇರುತ್ತೆ. ಪವರ್ ಸ್ಟಿಯರಿಂಗ್ ಇಲ್ಲ, ಎಬಿಎಸ್ ಇಲ್ಲ, ನಾಲ್ಕೂ ಕಡೆ ಡ್ರಮ್ ಬ್ರೇಕು, ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗು. ಎ.ಸಿ. ಅಂದ್ರೆ ಬಾಗಿಲು ಇಲ್ದಿರೋದೇ.

ಗುಜರಿಯವರು ಬಂದು ನೋಡಿ 38,000 ರೂಪಾಯಿ ಅಂದ್ರು. ತೂಕಕ್ಕೆ ಲೆಕ್ಕ ಹಾಕಿದ್ರೆ ಅದೇನು ಅನ್ಯಾಯದ ರೇಟಲ್ಲ. ಮಾವ ಒಪ್ಪಿದ್ರು. ಅಡ್ಡ ಬಂದಿದ್ದು ಅವರ ಮಗ. ವಯಸ್ಸು 24, ಅಕ್ಕಿ ಗಿರಣಿಯಲ್ಲಿ ಕೆಲಸ, ಫೋನ್ ತುಂಬಾ ಪಂಜಾಬ್ ಜೀಪುಗಳ ರೀಲ್ಸ್. ಅವನ ಪ್ಲಾನ್ ಒಂದು ಹಾಳೆಯಲ್ಲಿ ಬರ್ಕೊಂಡಿದ್ದ: ನಾಲ್ಕು ಇಂಚು ಲಿಫ್ಟು, 33 ಇಂಚಿನ ಟೈರು, ಅಲಾಯ್ ರಿಮ್ಮು, ಕಬ್ಬಿಣದ ದಪ್ಪ ಬಂಪರು, ವಿಂಚು, ಮೇಲೆ ಸಾಲು ಎಲ್‌ಇಡಿ, ಮ್ಯಾಟ್ ಹಸಿರು ಪೇಂಟು. ಒಟ್ಟು 2,60,000. ಎಂಜಿನ್ನು ಬ್ರೇಕಿನ ಹೆಸರೇ ಆ ಹಾಳೆಯಲ್ಲಿ ಇಲ್ಲ. ದುಡ್ಡು ಎಲ್ಲಿಂದ ಅಂದ್ರೆ, ಅತ್ತೆಯ ಬಂಗಾರ ಅಡ ಇಡೋದು. ಶೇ 12ರ ಬಡ್ಡಿ ಅಂತ ಹಿಡಿದ್ರೂ ವರ್ಷಕ್ಕೆ 31,200, ತಿಂಗಳಿಗೆ 2,600. ಅವನ ಸಂಬಳದಲ್ಲಿ ಅದು ಸಣ್ಣ ಮಾತಲ್ಲ. ಅತ್ತೆ ಏನೂ ಅಂದಿರಲಿಲ್ಲ, ಸರ ಬಿಚ್ಚಿ ಡಬ್ಬಿಯಲ್ಲಿ ಇಟ್ಟಿದ್ರು ಅಷ್ಟೇ.

ಆಗ ನಾನು ಒಂದು ಷರತ್ತು ಹಾಕಿದೆ. ಪ್ರತಿ ಖರ್ಚನ್ನೂ ಮೂರು ಕಾಲಂನಲ್ಲಿ ಒಂದರಲ್ಲಿ ಬರೀಬೇಕು. ಓಡೋದಕ್ಕೆ, ನಿಲ್ಲೋದಕ್ಕೆ, ತೋರಿಸೋದಕ್ಕೆ. ಮೊದಲ ಎರಡು ಮುಗಿಯೋವರೆಗೆ ಮೂರನೇದಕ್ಕೆ ಒಂದು ರೂಪಾಯಿ ಇಲ್ಲ. ಅವನ ಹಾಳೆ ತಗೊಂಡು ಬರೆದು ನೋಡಿದ್ರೆ, 2,60,000ದಲ್ಲಿ ಮುಕ್ಕಾಲು ಪಾಲು ಮೂರನೇ ಕಾಲಂಗೆ ಹೋಯ್ತು. ಅವನಿಗೆ ಸಿಟ್ಟು ಬಂತು. ಎರಡು ದಿನ ಮಾತಾಡಲಿಲ್ಲ. ಬಂಧುಗಳ ಜೊತೆ ಲೆಕ್ಕ ಮಾಡೋರಿಗೆ ಇದು ಮಾಮೂಲಿ.

ಈಗ ಕಾಗದ ಪತ್ರ. ಬೋರಿಂಗ್ ಅಂತ ಸ್ಕಿಪ್ ಮಾಡ್ಬೇಡಿ, ಹಳೇ ಜೀಪು ತಗೊಳ್ಳೋ ಹುಡುಗರು ಮುಳುಗೋದು ಇಲ್ಲೇ.

ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಅದಕ್ಕೆ ಫಾರ್ಮ್ 25. ಶುಲ್ಕ ಮೊದಲು 600 ಇತ್ತು. 2022ರ ಏಪ್ರಿಲ್ 1ರಿಂದ ಕಾರು ಜೀಪಿಗೆ 5,000 ಆಯ್ತು. 2025ರ ಆಗಸ್ಟಲ್ಲಿ 20 ವರ್ಷ ದಾಟಿದ ಗಾಡಿಗೆ 10,000 ಮಾಡಿದ್ರು. ತಡ ಮಾಡಿದ್ರೆ ತಿಂಗಳಿಗೆ 500 ಹೆಚ್ಚುವರಿ. ನಮ್ಮದು 2009, 2014, 2019 ಮೂರು ಸಲ ನವೀಕರಣ ಆಗಿತ್ತು. ತಾತ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು, ಕಾಗದ ಎಲ್ಲಾ ಒಂದು ಗೊಬ್ಬರದ ಕಂಪನಿಯ ಪ್ಲಾಸ್ಟಿಕ್ ಚೀಲದಲ್ಲಿ. ಕೊನೇದು 2024ರಲ್ಲಿ ಮುಗಿದು 14 ತಿಂಗಳು ಆಗಿತ್ತು. ಅಂದ್ರೆ ತಡದ ಲೆಕ್ಕವೇ 7,000. ಜೊತೆಗೆ ಆರ್‌ಸಿ ತಾತನ ಹೆಸರಲ್ಲೇ ಇತ್ತು. ಮಾಲೀಕ ತೀರಿಕೊಂಡಾಗ ವಾರಸುದಾರರ ಹೆಸರಿಗೆ ಮಾಡೋಕೆ ಫಾರ್ಮ್ 31. ಮರಣ ಪ್ರಮಾಣಪತ್ರ, ಮನೆಯವರ ಒಪ್ಪಿಗೆ, ಎಲ್ಲಾ ಸೇರಿಸಿ ಮೊದಲು ಇದನ್ನ ಮುಗಿಸಿದ್ವಿ.

ಇದಕ್ಕಿಂತ ಮುಖ್ಯ ಚಾಸಿಸ್ ನಂಬರು. ಫ್ರೇಮ್ ಮೇಲೆ ಹೊಡೆದ ನಂಬರನ್ನ ವೈರ್ ಬ್ರಶ್ಶಲ್ಲಿ ಉಜ್ಜಿ, ಸೀಮೆಸುಣ್ಣ ಸವರಿ ಓದಿದ್ವಿ. ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿದ್ವಿ. ಎಂಜಿನ್ ನಂಬರೂ ಹಂಗೇ. ಹಳೇ ಜೀಪುಗಳಲ್ಲಿ ಮೂರು ಗಾಡಿ ಸೇರಿಸಿ ಒಂದು ಮಾಡಿರೋದು ಬಹಳ. ಫ್ರೇಮ್ ಒಂದರದ್ದು, ಎಂಜಿನ್ ಇನ್ನೊಂದರದ್ದು, ಕಾಗದ ಯಾರದ್ದೋ. ಅಂಥದ್ದಕ್ಕೆ ಎಷ್ಟು ಸುರಿದ್ರೂ ಕಾನೂನಿನ ಕಣ್ಣಲ್ಲಿ ಅದು ನಿಮ್ಮ ಗಾಡಿ ಅಲ್ಲ.

ಕಾನೂನು ಅಂದೆ ಅಲ್ವಾ, ಅದೂ ಕೇಳಿಬಿಡಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರ ಆರ್‌ಸಿಯಲ್ಲಿ ಏನಿದೆಯೋ ಅದಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಂಗಿಲ್ಲ. ಕೇರಳದಿಂದ ಹೋದ ಒಂದು ಕೇಸಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟವಾಗಿ ಹೇಳ್ತು. ಅದೇ ವರ್ಷ ಕಾಯ್ದೆ ತಿದ್ದುಪಡಿ ಆಗಿ, ಅನುಮತಿ ಇಲ್ದೆ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ 5,000 ದಂಡ ಅಥವಾ ಎರಡೂ ಅಂತ ಬಂತು. ‘ಒಂದೊಂದು ಬದಲಾವಣೆಗೆ’ ಅನ್ನೋದನ್ನ ಗಮನಿಸಿ. ಮುಂದಿನ ದಪ್ಪ ಬಂಪರ್ ವಿಷಯದಲ್ಲಂತೂ 2017ರ ಡಿಸೆಂಬರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಎಲ್ಲಾ ರಾಜ್ಯಗಳಿಗೆ ಕ್ರಮ ತಗೊಳ್ಳಿ ಅಂತ ಬರೆದಿತ್ತು. ಕಾರಣ ಸುಮ್ನೆ ಅಲ್ಲ. ಆ ಕಬ್ಬಿಣ ನಡೆದು ಹೋಗೋರ ಮೊಣಕಾಲಿಗೆ, ಹೊಟ್ಟೆಗೆ ಸರಿಯಾಗಿ ಬಡಿಯುತ್ತೆ. ಡಿಕ್ಕಿಯ ಹೊಡೆತ ನೇರ ಫ್ರೇಮಿಗೂ ಇಳಿಯುತ್ತೆ. ಎಂಜಿನ್ ಬದಲಿಸ್ಬೇಕು ಅಂದ್ರೂ ಮೊದಲೇ ಅನುಮತಿ ಬೇಕು. ‘ಎಲ್ರೂ ಮಾಡಿಸ್ತಾರೆ ಬ್ರೋ’ ಅಂತ ಕಾಮೆಂಟ್ ಬರುತ್ತೆ, ಗೊತ್ತು. ಎಲ್ರೂ ಮಾಡಿಸ್ತಾರೆ. ಅಪಘಾತ ಆದ ದಿನ ಇನ್ಶೂರೆನ್ಸ್ ಕಂಪನಿ ಎದುರು ಕೂರೋದು ಮಾತ್ರ ಒಬ್ಬರೇ.

ಹಂಗಾದ್ರೆ ಕಸ್ಟಮ್ ಪ್ರಾಜೆಕ್ಟ್ ಅನ್ನೋದು ಮುಗೀತಾ? ಇಲ್ಲ, ನಮ್ಮದು ಇಲ್ಲಿಂದಲೇ ಶುರು ಆಗಿದ್ದು.

ಬಾಡಿ ಎತ್ತಿದ ದಿನ ಎಲ್ರೂ ಸುಮ್ಮನಾದ್ವಿ. ಮೇಲಿಂದ ನೋಡಿದ್ರೆ ತುಕ್ಕು ಅಷ್ಟೇನೂ ಕಾಣ್ತಿರಲಿಲ್ಲ. ಹಿಂದಿನ ಸೀಟಿನ ಕೆಳಗಿನ ತಗಡು ಕೈಯಲ್ಲಿ ಒತ್ತಿದ್ರೆ ಹಪ್ಪಳದ ಥರ ಮುರೀತು. ಯಾಕೆ ಅಲ್ಲೇ? ತಾತ 20 ವರ್ಷ ಆ ಜಾಗದಲ್ಲಿ ಯೂರಿಯಾ, ಡಿಎಪಿ ಚೀಲ ಹೊತ್ತಿದ್ದಾರೆ. ಗೊಬ್ಬರ ಅಂದ್ರೆ ಉಪ್ಪಿನ ಜಾತಿ. ಗಾಳಿಯ ತೇವ ಎಳ್ಕೊಳ್ಳುತ್ತೆ, ಕಬ್ಬಿಣ ತಿನ್ನುತ್ತೆ. ಸಮುದ್ರ ತೀರದ ಗಾಡಿ ತುಕ್ಕು ಹಿಡಿಯುತ್ತೆ ಅಂತಾರಲ್ಲ, ಭತ್ತದ ಸೀಮೆಯ ಗಾಡಿಗೂ ಒಂದು ಸಮುದ್ರ ಇದೆ, ಅದು ಚೀಲದಲ್ಲಿ ಬರುತ್ತೆ.

ಫ್ರೇಮಿನದ್ದು ಇನ್ನೊಂದು ಕಥೆ. ಎರಡು ಉದ್ದನೆ ಕಂಬಿಗಳ ಸಂದಿಯಲ್ಲಿ ಎರೆಮಣ್ಣು ಗಚ್ಚಾಗಿ ಕೂತಿತ್ತು. ನಮ್ಮ ಎರೆಮಣ್ಣು ನಿಮಗೆ ಗೊತ್ತು, ನೀರು ಕುಡಿದ್ರೆ ಉಬ್ಬುತ್ತೆ, ಬಿಟ್ಟುಕೊಡೋಕೆ ತಿಂಗಳು ತಗೊಳ್ಳುತ್ತೆ. ಅಂದ್ರೆ ಫ್ರೇಮಿನೊಳಗೆ ಒಂದು ಒದ್ದೆ ಬಟ್ಟೆ ಸುತ್ತಿ ಇಟ್ಟಂಗೆ. ಮೂರು ದಿನ ಕಂಬಿ ಹಾಕಿ ಕೆದಕಿ, ಗಿರಣಿಯಿಂದ ತಂದ ಏರ್ ಪೈಪಲ್ಲಿ ಊದಿದ್ವಿ. ಆಗ ಕಂಡಿದ್ದು ಎರಡು ಬಿರುಕು. ಒಂದು ಹಿಂದಿನ ಸ್ಪ್ರಿಂಗ್ ಹಿಡಿಯೋ ಬ್ರಾಕೆಟ್ ಹತ್ರ. ಇನ್ನೊಂದು ಮುಂದೆ, ಸ್ಟಿಯರಿಂಗ್ ಬಾಕ್ಸ್ ಬೋಲ್ಟ್ ಆಗೋ ಜಾಗದಲ್ಲಿ. ಎರಡನೇದು ಗೆರೆಯಷ್ಟೇ, ಪೇಂಟ್ ಬಿರುಕು ಅಂತ ಬಿಟ್ಟುಬಿಡಬಹುದಾಗಿತ್ತು. ಅದು ಪೂರ್ತಿ ಹರಿದ್ರೆ ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ತಿರುಗಲ್ಲ, ಬಾಕ್ಸೇ ಅಲ್ಲಾಡುತ್ತೆ. ಇದರ ಮೇಲೆ ಲಿಫ್ಟು, 33 ಇಂಚಿನ ಟೈರು ಹಾಕಿ ಹುಡುಗರನ್ನ ಕೂರಿಸಿಕೊಂಡು ಹೋಗೋ ಪ್ಲಾನ್ ಇತ್ತು. ಮಾವನ ಮಗ ಟಾರ್ಚ್ ಹಿಡ್ಕೊಂಡು ಆ ಗೆರೆಯನ್ನ ಬಹಳ ಹೊತ್ತು ನೋಡಿದ. ಅವತ್ತಿಂದ ಮೂರು ಕಾಲಂ ಬಗ್ಗೆ ಅವನು ಜಗಳ ತೆಗೆದಿಲ್ಲ.

ಬೆಸುಗೆ ಮಾಡಿದೋರ ಬಗ್ಗೆ ಹೇಳ್ಲೇಬೇಕು. ಬಳ್ಳಾರಿಯ ಕೌಲ್ ಬಜಾರ್ ಕಡೆಯ ಹಿರಿಯರೊಬ್ರು. ಗಣಿ ಜೋರಿದ್ದ ಕಾಲದಲ್ಲಿ ಟಿಪ್ಪರ್ ಚಾಸಿಸ್ ಬೆಸುಗೆ ಮಾಡಿ ಕೈ ಪಳಗಿಸಿಕೊಂಡೋರು. ಅದಿರು ಓವರ್‌ಲೋಡ್ ಆಗಿ ಸಂಡೂರು ರಸ್ತೆಯಲ್ಲಿ ಫ್ರೇಮ್ ಸೀಳಿದ ಲಾರಿಗಳು ದಿನಕ್ಕೊಂದು ಬರ್ತಿದ್ವಂತೆ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ನಿಂತ್ವು, ಕೆಲಸ ನಿಂತು ಎಷ್ಟೋ ಜನ ಊರು ಬಿಟ್ರು. ಇವರು ಉಳ್ಕೊಂಡ್ರು. ಅವರು ಹೇಳಿಕೊಟ್ಟ ಒಂದು ವಿಷಯ: ಬಿರುಕಿನ ಮೇಲೆ ಸುಮ್ನೆ ಬೆಸುಗೆ ಎಳೆಯಬಾರದು. ಮೊದಲು ಬಿರುಕು ಮುಗಿಯೋ ತುದಿಯಲ್ಲಿ ಸಣ್ಣ ತೂತು ಕೊರೀಬೇಕು, ಇಲ್ದಿದ್ರೆ ಬಿರುಕು ಬೆಸುಗೆಯ ಕೆಳಗಿಂದಲೇ ಮುಂದೆ ಓಡುತ್ತೆ. ಆಮೇಲೆ ಅಂಚು ಉಜ್ಜಿ ವಿ ಆಕಾರ ಮಾಡಿ ತುಂಬಬೇಕು. ಮೇಲೆ ಪಟ್ಟಿ ಹಾಕೋದಾದ್ರೆ ನೆಟ್ಟಗೆ ಚೌಕ ಕತ್ತರಿಸಬಾರದು, ಮೀನಿನ ಬಾಲದ ಥರ ಓರೆ ಕತ್ತರಿಸಬೇಕು. ಚೌಕದ ಅಂಚಲ್ಲಿ ಭಾರ ಒಂದೇ ಗೆರೆಗೆ ಬಿದ್ದು ಅಲ್ಲೇ ಮತ್ತೆ ಮುರಿಯುತ್ತೆ. ‘ಟಿಪ್ಪರ್‌ಗೆ ಮಾಡಿದ್ದೇ ಇದಕ್ಕೂ, ಇದು ಮಗು’ ಅಂದ್ರು ಜೀಪಿಗೆ.

ಎಂಜಿನ್ ವಿಷಯದಲ್ಲಿ ಪ್ರತಿಯೊಬ್ಬರದ್ದೂ ಒಂದು ಸಲಹೆ. ಬೊಲೆರೊದ್ದು ಹಾಕು, ಟ್ರ್ಯಾಕ್ಟರದ್ದು ಹಾಕು. ನಾವು ಇದ್ದಿದ್ದನ್ನೇ ಬಿಚ್ಚಿ ಕಟ್ಟಿಸಿದ್ವಿ. ಕಾರಣ ಎರಡು. ಅನುಮತಿ ತಲೆನೋವು ಇಲ್ಲ, ಮತ್ತೆ ಬ್ಲಾಕು ಚೆನ್ನಾಗಿತ್ತು. ಲೈನರು, ಪಿಸ್ಟನ್ನು, ಬೇರಿಂಗು, ಹೆಡ್ ಕೆಲಸ, ಡೀಸೆಲ್ ಪಂಪು ಕ್ಯಾಲಿಬ್ರೇಶನ್ನು. ಕೆಲವು ಭಾಗಕ್ಕೆ ಬೆಂಗಳೂರಿನ ಜೆ.ಸಿ. ರೋಡ್ ಸುತ್ತಬೇಕಾಯ್ತು. ಈ ಎಂಜಿನ್ನಿಗೆ ಚಳಿಯಲ್ಲಿ ಸ್ಟಾರ್ಟ್ ಆಗೋಕೆ ಗ್ಲೋ ಪ್ಲಗ್ ಬಿಸಿ ಆಗ್ಬೇಕು. ಸಿರುಗುಪ್ಪದಲ್ಲಿ ಚಳಿ ಎಲ್ಲಿ ಸ್ವಾಮಿ ಅಂತ ನಗಬೇಡಿ, ಜನವರಿ ಬೆಳಗ್ಗೆ ಕೀ ತಿರುಗಿಸಿ ಹತ್ತು ಎಣಿಸಲೇಬೇಕು.

ಈಗ ನನಗೆ ಅತಿ ಇಷ್ಟ ಆದ ಭಾಗ. ಫೋರ್ ವೀಲ್ ಡ್ರೈವ್ ಅಂದ್ರೆ ನಾಲ್ಕೂ ಚಕ್ರ ಎಳೆಯುತ್ತೆ ಅಂತ ನಾನು ಅಂದ್ಕೊಂಡಿದ್ದೆ. ಬಹುಪಾಲು ಜನ ಹಂಗೇ ಅಂದ್ಕೊಂಡಿರ್ತಾರೆ. ಗೇರ್‌ಬಾಕ್ಸ್ ಹಿಂದೆ ಟ್ರಾನ್ಸ್‌ಫರ್ ಕೇಸ್ ಅಂತ ಇರುತ್ತೆ. ಸಣ್ಣ ಲಿವರ್ ಎಳೆದ್ರೆ ಅದು ಮುಂದಿನ ಆಕ್ಸಲ್ಲಿಗೂ ಶಕ್ತಿ ಕಳಿಸುತ್ತೆ. ಲೋ ಗೇರಿಗೆ ಹಾಕಿದ್ರೆ ಸುಮಾರು ಎರಡೂವರೆ ಪಟ್ಟು ಎಳೆತ ಜಾಸ್ತಿ, ವೇಗ ಅಷ್ಟೇ ಕಡಿಮೆ. 62 ಹಾರ್ಸ್‌ಪವರ್ ಸಾಕಾಗೋದು ಈ ಲಿವರಿನಿಂದಲೇ. ಆದ್ರೆ ಪ್ರತಿ ಆಕ್ಸಲ್ ನಡುವೆ ಡಿಫರೆನ್ಶಿಯಲ್ ಇದೆ. ತಿರುವಿನಲ್ಲಿ ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲಿ ಅಂತ ಇರೋದು ಅದು. ಅದರ ಗುಣ ಏನಂದ್ರೆ, ಯಾವ ಚಕ್ರಕ್ಕೆ ಹಿಡಿತ ಇಲ್ವೋ ಅದೇ ಗಿರಗಿರ ತಿರುಗುತ್ತೆ, ಹಿಡಿತ ಇರೋದು ಸುಮ್ನೆ ನಿಲ್ಲುತ್ತೆ. ಮುಂದೊಂದು, ಹಿಂದೊಂದು ಚಕ್ರ ಕೆಸರಲ್ಲಿ ಜಾರಿದ್ರೆ ಆಯ್ತು, ನಾಲ್ಕು ಚಕ್ರದ ಗಾಡಿ ಅಲ್ಲೇ ಕೂರುತ್ತೆ. ಅದಕ್ಕೆ ಲಾಕರ್ ಅಂತ ಭಾಗ ಸಿಗುತ್ತೆ, ದುಬಾರಿ, ನಾವು ಹಾಕಿಲ್ಲ. ಇನ್ನೊಂದು: ಈ ಥರದ ಜೀಪಲ್ಲಿ ಒಣಗಿದ ಡಾಂಬರ್ ಮೇಲೆ ಫೋರ್ ವೀಲ್ ಹಾಕಿ ಓಡಿಸಬಾರದು. ಮುಂದು ಹಿಂದಿನ ಆಕ್ಸಲ್ ಬಿಗಿಯಾಗಿ ಒಂದಕ್ಕೊಂದು ಕಟ್ಟಿಕೊಂಡಿರುತ್ತೆ. ತಿರುವಲ್ಲಿ ಜಾರೋಕೆ ಮಣ್ಣಿಲ್ದಿದ್ರೆ ಆ ಒತ್ತಡ ಎಲ್ಲಾ ಗೇರಿನ ಮೇಲೆ ಬೀಳುತ್ತೆ.

ಟೈರಿನ ವಾದ ಒಂದು ವಾರ ನಡೀತು. ಅಗಲ ಟೈರು ಹಾಕಿದ್ರೆ ಕೆಸರಲ್ಲಿ ತೇಲುತ್ತೆ ಅಂತ ರೀಲ್ಸ್ ಹೇಳುತ್ತೆ. ನಿಜಾನೇ, ಮರಳಲ್ಲಿ ನಿಜ. ಆದ್ರೆ ದೇಶನೂರಿನ ಗದ್ದೆ ಮರಳಲ್ಲ. ನಾಟಿಗೆ ಮುಂಚೆ ನೀರು ನಿಲ್ಲಿಸಿ ಕೆಸರು ತುಳಿಸ್ತೀವಲ್ಲ, ವರ್ಷಾನುಗಟ್ಟಲೆ ಹಂಗೆ ಮಾಡಿ ಮಾಡಿ ಮೇಲಿನ ಮೆತ್ತನೆ ಕೆಸರಿನ ಕೆಳಗೆ ಒಂದು ಗಟ್ಟಿ ಪದರ ಆಗಿರುತ್ತೆ. ಒಂದು ಗೇಣಿನಷ್ಟು ಆಳದಲ್ಲಿ. ಗದ್ದೆಯಲ್ಲಿ ನೀರು ನಿಲ್ಲೋದಕ್ಕೆ ಅದೂ ಒಂದು ಕಾರಣ. ಸಪೂರ ಟೈರು ಮೇಲಿನ ಕೆಸರು ಸೀಳಿಕೊಂಡು ಆ ಗಟ್ಟಿ ಪದರದ ಮೇಲೆ ಕಾಲಿಡುತ್ತೆ. ಅಗಲ ಟೈರು ಮೇಲೇ ಜಾರುತ್ತೆ, ಎರೆಮಣ್ಣು ಅದರ ಗಾಡಿಯೊಳಗೆ ತುಂಬಿ, ಎರಡು ಸುತ್ತಿಗೆ ಟೈರು ರೊಟ್ಟಿ ಕೊಣಮಿಗೆ ಆಗುತ್ತೆ. ಕಾಲುವೆ ಏರಿ ಪಕ್ಕದ ದಾರಿ ಬೇರೆ ಜಾತಿ, ಅಲ್ಲಿ ಕೆಳಗೆ ಗಟ್ಟಿ ಪದರ ಇಲ್ಲ, ಆಳ ಹೋದಷ್ಟೂ ಎರೆಯೇ. ಅಲ್ಲಿ ಅಗಲ ಟೈರೇ ವಾಸಿ ಅಂತ ನಾನೂ ಒಪ್ತೀನಿ. ಒಂದೇ ಊರು, ಒಂದೇ ಮಣ್ಣು, ಎರಡು ಉತ್ತರ. ನಮ್ಮ ಟ್ರ್ಯಾಕ್ಟರ್‌ನವರು ಕಬ್ಬಿಣದ ಪಂಜರದ ಚಕ್ರ ಹಾಕ್ಕೊಂಡು ಈ ಪ್ರಶ್ನೆಯನ್ನ ಯಾವಾಗಲೋ ಬಗೆಹರಿಸಿಕೊಂಡಿದ್ದಾರೆ, ಡಾಂಬರ್ ಮೇಲೆ ಅದನ್ನ ಓಡಿಸೋದೊಂದು ಬಿಟ್ರೆ.

ಇದರ ಜೊತೆ ಲೆಕ್ಕವೂ ಇದೆ. ಕಂಪನಿ ಅಳತೆ 6.00-16 ಟೈರಿನ ಎತ್ತರ ಸುಮಾರು 28.7 ಇಂಚು. 33 ಇಂಚು ಹಾಕಿದ್ರೆ ಶೇ 15 ದೊಡ್ಡದು. ಅಂದ್ರೆ ಮೀಟರ್ 60 ತೋರಿಸುವಾಗ ನೀವು ನಿಜಕ್ಕೂ 69ರಲ್ಲಿ ಹೋಗ್ತಿರ್ತೀರಿ. ಬ್ರೇಕ್ ಡ್ರಮ್ ಅದೇ ಹಳೇದು, ಚಕ್ರದ ತ್ರಿಜ್ಯ ದೊಡ್ಡದು, ಹಂಗಾಗಿ ರಸ್ತೆಗೆ ಸಿಗೋ ಬ್ರೇಕು ಶೇ 13 ಕಡಿಮೆ. ಮೊದಲೇ ಬಡಪಾಯಿ ಎಂಜಿನ್ನಿಗೆ ಎಳೆತವೂ ಅಷ್ಟೇ ಕಡಿಮೆ. ಇದಕ್ಕೆ ನಾಲ್ಕು ಇಂಚು ಎತ್ತರಿಸಿದ್ರೆ ಶಾಫ್ಟಿನ ಕೋನ ಕೆಟ್ಟು ಕ್ರಾಸ್ ಬೇಗ ತಿನ್ನುತ್ತೆ, ತಿರುವಲ್ಲಿ ಮಗುಚೋ ಭಯ ಬೇರೆ. ದುಡ್ಡು ಕೊಟ್ಟು ಬ್ರೇಕು ಕಡಿಮೆ ಮಾಡಿಸ್ಕೊಳ್ಳೋದು ಯಾವ ಕಾಲಂಗೆ ಬರೀಬೇಕು ಹೇಳಿ. ಕೊನೆಗೆ ಕಂಪನಿ ಅಳತೆಯ ಟೈರೇ, ಆಳ ಗಾಡಿ ಇರೋದು, ಐದು ತಗೊಂಡ್ವಿ. ಕೆಸರಿಗೆ ಇಳಿಯೋ ಮುಂಚೆ ಗಾಳಿ ಇಳಿಸ್ತೀವಿ, ಡಾಂಬರಿಗೆ ಬಂದ ಮೇಲೆ ತುಂಬ್ತೀವಿ. ಕಾಲಿನಲ್ಲಿ ಒತ್ತೋ ಪಂಪು 900 ರೂಪಾಯಿ. ನಮ್ಮ ಇಡೀ ಆಫ್‌ರೋಡ್ ಸಲಕರಣೆಯಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದಿರೋದು ಅದು.

ಮಾಂದಲ್‌ಪಟ್ಟಿಗೆ ಹೋಗಿದ್ದೀರಾ, ಮಡಿಕೇರಿ ಹತ್ರ? ಅಥವಾ ಕುದುರೆಮುಖ ಚಾರಣಕ್ಕೆ ಮುಳ್ಳೋಡಿವರೆಗೆ ಕರ್ಕೊಂಡು ಹೋಗೋ ಜೀಪು? ಅಲ್ಲಿನ ಡ್ರೈವರುಗಳ ಗಾಡಿ ನೋಡಿ. ಹಳೇ ಮಹೀಂದ್ರಾ, ಸಪೂರ ಟೈರು, ಮಳೆಗಾಲಕ್ಕೆ ಚೈನು. ದಿನಕ್ಕೆ ನಾಲ್ಕೈದು ಸಲ ಆ ಕಲ್ಲು ಕೊರಕಲು ಹತ್ತಿ ಇಳಿಯೋರು ಅವರು. ಎಲ್‌ಇಡಿ ಸಾಲು ಹಾಕ್ಕೊಂಡವರು ಅಲ್ಲಿ ಕಡಿಮೆ.

ಮಾವನ ಮಗನಿಗೆ ಅದೇ ಥರ ಸಂಡೂರು ಗುಡ್ಡದಲ್ಲಿ ಪ್ರವಾಸಿಗರಿಗೆ ಜೀಪ್ ಸವಾರಿ ಮಾಡ್ಸೋ ಆಸೆ ಇತ್ತು, ಬಡ್ಡಿ ಕಟ್ಟೋಕೆ ದಾರಿ ಅಂತ. ಬಿಳಿ ಬೋರ್ಡಲ್ಲಿ ಬಾಡಿಗೆ ಓಡಿಸೋ ಹಂಗಿಲ್ಲ. ಹಳದಿ ಬೋರ್ಡಿಗೆ ಪರ್ಮಿಟ್ಟು, ಎಫ್‌ಸಿ, ಬೇರೆ ಇನ್ಶೂರೆನ್ಸು. ಮೀಸಲು ಅರಣ್ಯದೊಳಗೆ ಅನುಮತಿ ಇಲ್ದೆ ಗಾಡಿ ನುಗ್ಗಿಸೋದು ಅಪರಾಧ. ಆ ಆದಾಯವನ್ನ ಪುಸ್ತಕದಲ್ಲಿ ಸೊನ್ನೆ ಅಂತ ಬರೆದೆ. ಹಂಗಾದ್ರೆ ಆಫ್‌ರೋಡ್ ಎಲ್ಲಿ ಮಾಡೋದು? ಸ್ವಂತ ಹೊಲದಲ್ಲಿ. ಕಟಾವು ಆಗಿ, ತುಂಗಭದ್ರಾ ಕಾಲುವೆಗೆ ನೀರು ನಿಂತ ಮೇಲೆ ಗದ್ದೆಗಳು ಬಿರುಕು ಬಿಟ್ಟು ಬಿದ್ದಿರ್ತವೆ. ಬದು ಹತ್ತಿ ಇಳಿಯೋದೇ ಸಾಕಷ್ಟು ಆಟ.

ಈಗ ಕೇಳಿದ್ರಲ್ಲ, ಲಿಸ್ಟು. ಕಾಗದ ಪತ್ರ, ಶುಲ್ಕ, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಸೇರಿ 24,300. ಫ್ರೇಮು, ತಗಡು ಕೆಲಸ 61,500. ಎಂಜಿನ್ನು, ಪಂಪು 88,000. ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು, ಆಕ್ಸಲ್ ಸೀಲು, ಬೇರಿಂಗು, ಕ್ರಾಸು 34,700. ಬ್ರೇಕು, ಸ್ಟಿಯರಿಂಗು 29,500. ಐದು ಟೈರು 32,000. ವೈರಿಂಗು, ಲೈಟು 14,000. ಒಟ್ಟು 2,84,000. ಇದಕ್ಕೆ ಗುಜರಿಯವರು ಕೊಡ್ತೀನಿ ಅಂದ 38,000ವನ್ನೂ ಸೇರಿಸಿ. ಅದು ನಾವು ಬಿಟ್ಟುಕೊಟ್ಟ ದುಡ್ಡು, ಕಾಮರ್ಸಿನಲ್ಲಿ ಅದನ್ನ ಅವಕಾಶ ವೆಚ್ಚ ಅಂತಾರೆ. 3,22,000. ಇಷ್ಟಾದ ಮೇಲೆ ಈ ಜೀಪಿಗೆ ನಮ್ಮ ಕಡೆ ಬಂದ ಅತಿ ಹೆಚ್ಚಿನ ಬೇಡಿಕೆ ಎಷ್ಟು ಗೊತ್ತಾ? 2,75,000. ಪುಸ್ತಕದ ಪ್ರಕಾರ 47,000 ನಷ್ಟ. ಹಳೇ ಜೀಪು ಕಟ್ಟಿ ಮಾರಿ ಲಾಭ ಮಾಡ್ತೀನಿ ಅನ್ನೋ ಹುಡುಗರು ಈ ಸಾಲನ್ನ ಇನ್ನೊಂದು ಸಲ ಕೇಳಿಸ್ಕೊಳ್ಳಿ.

ನೋಡಿ, ಮೂಲ ಪ್ಲಾನಿಗಿಂತ ಖರ್ಚು ಜಾಸ್ತಿಯೇ ಆಯ್ತು. ಮೂರು ಕಾಲಂ ಹಾಕಿದ್ರಿಂದ ದುಡ್ಡು ಉಳೀಲಿಲ್ಲ, ದುಡ್ಡು ಬೇರೆ ಕಡೆ ಹೋಯ್ತು. ಹಂತ ಹಂತವಾಗಿ 11 ತಿಂಗಳು ಎಳೆದಿದ್ರಿಂದ ಸಂಬಳ, ಭತ್ತದ ದುಡ್ಡು, ನನ್ನದೊಂದಿಷ್ಟು ಸೇರಿ ಬಹುಪಾಲು ಸಾಲ ಇಲ್ದೆ ಆಯ್ತು. ಎಂಜಿನ್ ಹೊತ್ತಿಗೆ ಕೈ ಖಾಲಿ. ಆಗ ಅತ್ತೆಯೇ ಡಬ್ಬಿ ತೆಗೆದುಕೊಟ್ರು. ‘ಪೂರ್ತಿ ಬ್ಯಾಡ, 90,000 ತಗೊಂಡ್ ಬಾ, ಉಳಿದ ಬಂಗಾರ ವಾಪಸ್ ತಾ’ ಅಂದ್ರು. ತಿಂಗಳ ಬಡ್ಡಿ 900. ಅದನ್ನ ಅವನೇ ಕಟ್ತಿದ್ದಾನೆ, ರಸೀದಿ ನನ್ನ ನೋಟ್‌ಬುಕ್ಕಲ್ಲಿ ಅಂಟಿಸಿದ್ದೀನಿ. ಈ ಕಂತುಗಳು ಮುಗಿಯೋವರೆಗೆ ನನಗೆ ಈ ಪ್ರಾಜೆಕ್ಟ್ ಮುಗಿದಂಗಲ್ಲ.

ತೋರಿಸೋ ಕಾಲಂನಲ್ಲಿ ಇವತ್ತಿಗೂ ಇರೋದು ಒಂದೇ ಸಾಲು. 350 ರೂಪಾಯಿ, ತಾತ ಹಿಂದಿನ ಬಾಗಿಲ ಮೇಲೆ ಬರೆಸಿದ್ದ ಊರಿನ ಹೆಸರನ್ನ ಪೇಂಟರ್ ಕೈಲಿ ಮತ್ತೆ ಬರೆಸಿದ್ದು. ಬಣ್ಣ ಆರ್‌ಸಿಯಲ್ಲಿ ಇರೋ ಬಿಳಿಯೇ. ಆ 350ನ್ನ ಮಾವ ಕೊಟ್ರು, ಹಂಗಾಗಿ ಮೇಲಿನ ಮೊತ್ತಕ್ಕೆ ಸೇರಿಸಿಲ್ಲ.

ಹೋದ ವಾರ ಮೊದಲ ಸಲ ಹೊಲಕ್ಕೆ ಇಳಿಸಿದ್ರು. ಮಾವನ ಮಗ ಸ್ಟಿಯರಿಂಗಲ್ಲಿ, ಪಕ್ಕದಲ್ಲಿ ಮಾವ, ಹಿಂದೆ ಅತ್ತೆ ಬುತ್ತಿ ಹಿಡ್ಕೊಂಡು. ಮೂರು ಬದು ಲೋ ಗೇರಲ್ಲಿ ನಿಧಾನಕ್ಕೆ, ಯಾವ ಸದ್ದೂ ಇಲ್ದೆ ಹತ್ತಿ ಇಳೀತು. ನಾಲ್ಕನೇದು ಕಾಲುವೆ ಪಕ್ಕ, ಸೋರಿದ ನೀರು ನಿಂತ ಜಾಗ. ಎಡಗಡೆಯ ಎರಡು ಚಕ್ರ ಒಟ್ಟಿಗೆ ಜಾರಿದ್ವು, ಬಲಗಡೆಯವು ಸುಮ್ನೆ ನಿಂತ್ವು, ನಾನು ಆಗಲೇ ಹೇಳಿದ್ನಲ್ಲ ಡಿಫರೆನ್ಶಿಯಲ್ ಕಥೆ, ಅದೇ. ಗಾಳಿ ಇಳಿಸಿದ್ರೂ ಏಳಲಿಲ್ಲ. ಅತ್ತೆ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದ್ರು. ಪಕ್ಕದ ಹೊಲದ ಟ್ರ್ಯಾಕ್ಟರ್ ಬಂದು ಹಗ್ಗ ಕಟ್ಟಿ ಎಳೀತು. 300 ರೂಪಾಯಿ. ಓಡೋ ಕಾಲಂಗೆ ಬರೆದಿದ್ದೀನಿ.